ನೆಲದಡಿಯ ಮನೆಯೂ ಬೆಚ್ಚಗಾದೀತು

‘ಮಾಳಿಗೆ’ ಎಂದರೆ ಮೇಲಂತಸ್ತು. ಅದರ ಹಿಂದೆ ‘ನೆಲ’ ಎಂಬ ಎರಡಕ್ಷರ ಸೇರಿದೊಡನೆ ಮೇಲಿದ್ದ ಮಾಳಿಗೆ ಭೂಮಿಯೊಳಗಿಳಿದು ‘ನೆಲಮಾಳಿಗೆ’ಯಾಗುತ್ತದೆ. ಕನ್ನಡಿಗರಿಗೆ ಈ ಪದದ ಪರಿಚಯ ಉಂಟೇ ಹೊರತು ಅದರೊಳಗಿನ ಬಾಳಿನ ಪರಿಚಯ ಕಡಮೆ. ಅರಮನೆ ಕೋಟೆಗಳ ಕಥೆಗಳಲ್ಲಿ ನಿಧಿಯನ್ನೋ ಸೆರೆಯಾಳುಗಳನ್ನೋ ಬಚ್ಚಿಟ್ಟ ನೆಲಮಾಳಿಗೆಗಳು ಬರುತ್ತವೆ. ಇಂದಿನ ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಕಾರುಗಳನ್ನು ನಿಲ್ಲಿಸುವ ನೆಲಮಾಳಿಗೆಗಳಿವೆ. ಬಯಲುಸೀಮೆಯ ರೈತರು ನೆಲದಡಿಗೆ ಇಳಿಸಿದ್ದು ದವಸವನ್ನು. ರಾಗಿ ಜೋಳಗಳನ್ನು ತುಂಬಿ ಬಾಯಿ ಮುಚ್ಚುತ್ತಿದ್ದ ಹಗೇವುಗಳನ್ನು ಹಳಬರು ಇಂದಿಗೂ ಬಲ್ಲರು. ಮನುಷ್ಯರು ಸಂಸಾರ ಹೂಡುವ ಸ್ಥಳವೆಂದು ಮಾತ್ರ ನೆಲದಡಿಯನ್ನು ಇಲ್ಲಿ ಸಾಮಾನ್ಯ ಗೃಹಸ್ಥರು ಬಗೆದವರಲ್ಲ.

ಕೆನಡಾದಲ್ಲಿಯೂ ಅಮೆರಿಕದ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿಯೂ ಹಾಗಲ್ಲ. ಅಲ್ಲಿ ಅಡುಗೆಮನೆ, ಪಡಸಾಲೆಗಳಂತೆ ನೆಲಮಾಳಿಗೆಯೂ ಮನೆಯ ಸಾಮಾನ್ಯ ಅಂಗ. ಬೆಂಗಳೂರು ಮೈಸೂರುಗಳಿಂದ ಟೊರಾಂಟೊ ನಗರಕ್ಕೋ, ಅದರ ನೆರೆಯ ಮಿಸ್ಸಿಸಾಗ, ಬ್ರಾಂಪ್ಟನ್‌ಗಳಿಗೋ ಓದಲು ಹೋದ ಎಷ್ಟೋ ವಿದ್ಯಾರ್ಥಿಗಳು ಮೊದಲು ಬಾಡಿಗೆಗೆ ಹಿಡಿಯುವುದು ಯಾರದೋ ಮನೆಯ ನೆಲಮಾಳಿಗೆಯ ಕೋಣೆಯನ್ನು. ಏಕೆಂದರೆ ಅದು ಅಗ್ಗ. ಮಗಳ ಬಾಣಂತನಕ್ಕೆಂದು ಹೋದ ತಾಯಿತಂದೆಯರಿಗೂ, ಮೇಲಿನ ಕೋಣೆಗಳು ಮಗುವಿಗೂ ಬಾಣಂತಿಗೂ ಮೀಸಲಾದ ಮೇಲೆ, ಅನೇಕ ವೇಳೆ ದೊರೆಯುವುದು ಕೆಳಗಿನ ಕೋಣೆಯೇ. ಜನವರಿಯ ರಾತ್ರಿ ಹೊರಗೆ ಉಷ್ಣತೆ ಸೊನ್ನೆಗಿಂತ ೧೫ ಡಿಗ್ರಿ ಕೆಳಗಿಳಿದಿರುವಾಗ, ಎರಡು ಕಂಬಳಿ, ಉಣ್ಣೆಯ ಕಾಲುಚೀಲ, ಕಿವಿಗೆ ಸುತ್ತಿದ ಮಫ್ಲರು ಇವೆಲ್ಲ ಇದ್ದರೂ ಅಂಗಾಲು ಕೊರೆಯುವುದು ತಪ್ಪದು. “ಚಳಿಯಾಗುತ್ತದೆಯೇನಮ್ಮಾ?” ಎಂದು ಮಗಳು ಕೇಳಿದರೆ “ಏನಿಲ್ಲ ಕಣೆ, ಚೆನ್ನಾಗಿದೆ” ಎನ್ನುವುದು ಹೆತ್ತವರ ರೂಢಿ. ಮಕ್ಕಳ ಮನೆಯಲ್ಲಿ ಕುಂದು ಎತ್ತಿ ಆಡಲು ಯಾವ ತಾಯಿಗೆ ಮನಸ್ಸು ಬಂದೀತು?

ಚಳಿಯೆಂದು ತಿಳಿದೊಡನೆ ಮನೆಯವರು ಮಾಡುವ ಮೊದಲ ಕೆಲಸ ಅಂಗಡಿಗೆ ಹೋಗಿ ವಿದ್ಯುತ್ ಹೀಟರೊಂದನ್ನು ತರುವುದು. ಚಳಿಗೆ ಬೆಂಕಿ ಎಂಬುದು ಸಹಜವಾದ ತರ್ಕವೇ ಸರಿ. ಆದರೆ ನೆಲಮಾಳಿಗೆಯ ಮಟ್ಟಿಗೆ ಬೆಂಕಿ ಕೊನೆಯ ಮದ್ದು, ಮೊದಲನೆಯದಲ್ಲ. ಈ ಕ್ರಮ ತಪ್ಪಿದರೆ ಹಣ ವ್ಯಯವಾಗುವುದಲ್ಲದೆ ಆರೋಗ್ಯಕ್ಕೂ, ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ಒದಗುತ್ತದೆ. ಅದೇಕೆಂಬುದನ್ನು ಅರಿಯಬೇಕಾದರೆ ಈ ಕೋಣೆ ಹುಟ್ಟಿದ ಬಗೆಯನ್ನೇ ಮೊದಲು ನೋಡಬೇಕು.

ಅಡಿಪಾಯದಿಂದ ಹುಟ್ಟಿದ ಕೋಣೆ

ಶೀತದೇಶಗಳಲ್ಲಿ ಚಳಿಗಾಲ ಬಂದಿತೆಂದರೆ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ನೂರಕ್ಕೆ ಸುಮಾರು ೯ರಷ್ಟು ಹೆಚ್ಚುವುದರಿಂದ ನೆಲ ಉಬ್ಬುತ್ತದೆ. ಉಬ್ಬಿದ ನೆಲ ಮೇಲಿನ ಗೋಡೆಯನ್ನೂ ಎತ್ತಿ ಬಿರುಕು ಬಿಡಿಸುತ್ತದೆ. ಆದುದರಿಂದ ಹಿಮ ತಲುಪದಷ್ಟು ಆಳದಲ್ಲಿ ಅಡಿಪಾಯ ಹಾಕುವುದು ಅಲ್ಲಿ ಅನಿವಾರ್ಯ. ಟೊರಾಂಟೊ ಸೀಮೆಯಲ್ಲಿ ಈ ಆಳ ೪ ಅಡಿ. ಇನ್ನೂ ಉತ್ತರಕ್ಕೆ ಹೋದಂತೆ ಮತ್ತಷ್ಟು ಹೆಚ್ಚು. ಹೇಗೂ ನಾಲ್ಕಡಿ ಅಗೆದ ಮೇಲೆ ಇನ್ನು ಮೂರು ನಾಲ್ಕು ಅಡಿ ಅಗೆದರೆ ಒಂದು ಕೋಣೆಯೇ ದೊರೆಯುತ್ತದೆಯಲ್ಲ ಎಂಬ ಲೆಕ್ಕಾಚಾರದಿಂದ ಹುಟ್ಟಿದುದು ನೆಲಮಾಳಿಗೆ.

ಮುಂದೆ ಕಲ್ಲಿದ್ದಲಿನ ಕಾಲ ಬಂದಾಗ ಈ ಕೋಣೆಗೆ ಒಬ್ಬ ಒಡೆಯ ದೊರೆತ. ಕಾದ ಗಾಳಿ ಮೇಲಕ್ಕೇರುವುದರಿಂದ ಮನೆಯನ್ನು ಬೆಚ್ಚಗಿಡುವ ಕಬ್ಬಿಣದ ದೊಡ್ಡ ಫರ್ನೇಸು ಕೆಳಗಿರುವುದೇ ಯುಕ್ತವಾಗಿತ್ತು. ಅದರ ಪಕ್ಕದಲ್ಲಿ ಕಲ್ಲಿದ್ದಲಿನ ರಾಶಿ, ಬೂದಿ, ಮಸಿ. ಕಾಲಕ್ರಮದಲ್ಲಿ ಎಣ್ಣೆಯೂ ಅನಿಲವೂ ಕಲ್ಲಿದ್ದಲಿನ ಸ್ಥಾನವನ್ನು ಆಕ್ರಮಿಸಿದುವು. ಇದ್ದಲಿನ ಮೂಲೆ ಬರಿದಾಯಿತು. ಎರಡನೆಯ ಮಹಾಯುದ್ಧದ ಅನಂತರ ಬೆಳೆದ ಬಡಾವಣೆಗಳಲ್ಲಿ ಗೃಹಸ್ಥರು ಆ ಬರಿದಾದ ಸ್ಥಳಕ್ಕೆ ಹಲಗೆ ಹೊಡೆದು, ಜಮಖಾನ ಹಾಸಿ, ಮಕ್ಕಳ ಆಟಕ್ಕೂ ನೆಂಟರ ಉಪಚಾರಕ್ಕೂ ಬಳಸತೊಡಗಿದರು. ಅಂದರೆ, ಅಡಿಪಾಯವಾಗಿ ಹುಟ್ಟಿ, ಬೆಂಕಿಮನೆಯಾಗಿ ಬೆಳೆದು, ಕೊನೆಗೆ ಮಲಗುವ ಕೋಣೆಯಾದ ಸ್ಥಳವಿದು. ಮಲಗುವವರಿಗಾಗಿ ಅದನ್ನು ಯಾರೂ ಕಟ್ಟಿರಲಿಲ್ಲ ಎಂಬುದೇ ಅದರ ಎಲ್ಲ ತೊಂದರೆಗಳ ಬೇರು.

ಚಳಿ ಬರುವ ಮೂರು ದಾರಿ

ಮೊದಲನೆಯ ದಾರಿ ನೆಲ ಮತ್ತು ಗೋಡೆ. ಭೂಮಿಯೊಳಗೆ ಕೆಲವು ಮಾರು ಇಳಿದರೆ ಉಷ್ಣತೆ ವರ್ಷವಿಡೀ ಹೆಚ್ಚುಕಡಮೆ ಒಂದೇ ಸಮನಾಗಿರುತ್ತದೆ. ಅದು ಆ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರವಾಗಿರುತ್ತದೆ. ಬೆಂಗಳೂರಿನಲ್ಲಿ ಆ ಸರಾಸರಿ ಸುಮಾರು ೨೪ ಡಿಗ್ರಿ. ಆದುದರಿಂದಲೇ ಬೇಸಗೆಯಲ್ಲಿ ಇಲ್ಲಿನ ನೆಲ ಹಿತವಾಗಿ ತಂಪು. ಟೊರಾಂಟೊದಲ್ಲಿ ಅದು ಸುಮಾರು ೯ ಡಿಗ್ರಿ. ಅಂಥ ಮಣ್ಣಿನ ನಡುವೆ ಕುಳಿತ ಕೋಣೆಯಿಂದ ಮಣ್ಣು ಹಗಲಿರುಳೂ ಶಾಖವನ್ನು ಹೀರುತ್ತಲೇ ಇರುತ್ತದೆ. ಗೋಡೆಯ ಮೇಲ್ಭಾಗ, ಅಂದರೆ ನೆಲಮಟ್ಟದ ಆಸುಪಾಸಿನಲ್ಲಿರುವ ಭಾಗ, ಹಿಮಕ್ಕೆ ನೇರವಾಗಿ ಒಡ್ಡಿಕೊಂಡಿರುವುದರಿಂದ ಅಲ್ಲಿ ನಷ್ಟ ಇನ್ನೂ ಹೆಚ್ಚು. ಕಾಂಕ್ರೀಟು ದಪ್ಪಗಿದೆ, ಗಟ್ಟಿಯಾಗಿದೆ ಎಂಬ ಧೈರ್ಯ ಹುಸಿಯಾದುದು. ಶಾಖವನ್ನು ತಡೆಯುವುದರಲ್ಲಿ ಎಂಟು ಅಂಗುಲದ ಕಾಂಕ್ರೀಟ್ ಗೋಡೆ ಒಂದು ಅಂಗುಲದ ಮೆದುಮರದ ಹಲಗೆಗೂ ಸಮನಲ್ಲ.

ಎರಡನೆಯ ದಾರಿ ಗಾಳಿ. ಚಳಿಗಾಲದಲ್ಲಿ ಇಡೀ ಮನೆಯೇ ಒಂದು ಹೊಗೆಕೊಳವೆಯಂತೆ ವರ್ತಿಸುತ್ತದೆ. ಒಳಗಿನ ಬೆಚ್ಚನೆಯ ಗಾಳಿ ಹಗುರಾಗಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಬೀಳುತ್ತದೆ. ತೆರವಾದ ಸ್ಥಳಕ್ಕೆ ಹೊರಗಿನ ಚಳಿಗಾಳಿ ಕೆಳಗಿನ ಸಂದುಗಳಿಂದ ನುಗ್ಗುತ್ತದೆ. ಈ ಕೆಳಗಿನ ಸಂದುಗಳಿರುವುದು ನೆಲಮಾಳಿಗೆಯಲ್ಲಿ: ಕಾಂಕ್ರೀಟ್ ಗೋಡೆಯ ತಲೆಯ ಮೇಲೆ ಮರದ ಜಂತೆಗಳು ಬಂದು ಕೂರುವ ಸುತ್ತಂಚಿನಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ, ನೀರು ಅನಿಲಗಳ ಕೊಳವೆಗಳು ಗೋಡೆ ತೂರುವ ತೂತುಗಳಲ್ಲಿ. ಮಹಡಿಯಲ್ಲಿ ಮಲಗಿದವರು ಬೆಚ್ಚಗಿದ್ದಷ್ಟೂ ಕೆಳಗೆ ಮಲಗಿದವರ ಕಾಲಿಗೆ ಗಾಳಿ ಬೀಸುತ್ತದೆಯೆಂಬುದು ವಿಚಿತ್ರವಾದರೂ ನಿಜ.

ಮೂರನೆಯದು ತೇವ. ಒದ್ದೆಯಾದ ಗೋಡೆ ಒಣಗಿದ ಗೋಡೆಗಿಂತ ಬೇಗ ಶಾಖವನ್ನು ಕಳೆಯುತ್ತದೆ. ಒದ್ದೆ ಬಟ್ಟೆ ಉಟ್ಟವನು ನಡುಗುವಂತೆಯೇ ಇದೂ. ಅಷ್ಟೇ ಅಲ್ಲ, ತೇವವಿದ್ದಲ್ಲಿ ಬೂಷ್ಟು ಬೆಳೆಯುತ್ತದೆ. ನೆಲಮಾಳಿಗೆಯ ಬಾಗಿಲು ತೆರೆದೊಡನೆ ಮೂಗಿಗೆ ಹೊಡೆಯುವ ಮುಗ್ಗಲು ವಾಸನೆ ಅದರ ಸೂಚನೆ. ಉಬ್ಬಸದವರಿಗೂ ಎಳೆಯ ಮಕ್ಕಳಿಗೂ ಅದು ಒಳ್ಳೆಯದಲ್ಲ.

ಮೊದಲು ಒಣಗಿಸುವುದು

ಬೆಚ್ಚಗಾಗಿಸುವ ಕೆಲಸ ಮನೆಯೊಳಗಿನಿಂದಲ್ಲ, ಹೊರಗಿನಿಂದ, ಅದೂ ಮಾಡಿನಿಂದ ಆರಂಭವಾಗಬೇಕೆಂದರೆ ಹಲವರಿಗೆ ಆಶ್ಚರ್ಯವಾದೀತು. ಸಾವಿರ ಚದರಡಿಯ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ೨,೩೬೦ ಲೀಟರು ನೀರು ಕೂಡುತ್ತದೆ. ಸೂರಿನ ದೋಣಿಗೆ ಎಲೆಕಸ ಕಟ್ಟಿಕೊಂಡಿದ್ದರೆ, ಅಥವಾ ಅದರ ಇಳಿಕೊಳವೆ ಗೋಡೆಯ ಬುಡದಲ್ಲಿಯೇ ನೀರು ಸುರಿಯುತ್ತಿದ್ದರೆ, ಈ ನೀರೆಲ್ಲ ಹೋಗುವುದು ನೆಲಮಾಳಿಗೆಯ ಗೋಡೆಗೇ. ದೋಣಿಯನ್ನು ತೆಗೆದು ತೊಳೆದು, ಕೊಳವೆಯನ್ನು ಗೋಡೆಯಿಂದ ಆರಡಿ ದೂರಕ್ಕೆ ಒಯ್ದು, ಮನೆಯ ಸುತ್ತಲಿನ ಮಣ್ಣು ಗೋಡೆಯಿಂದ ಹೊರಕ್ಕೆ ಇಳಿಜಾರಾಗುವಂತೆ ಏರಿಸಿದರೆ ಎಷ್ಟೋ ನೆಲಮಾಳಿಗೆಗಳ ಅರ್ಧ ರೋಗ ಅಲ್ಲಿಗೇ ತೀರುತ್ತದೆ. ಇದಕ್ಕೆ ಬೇಕಾದುದು ಗುದ್ದಲಿ, ಒಂದೆರಡು ಕೊಳವೆ ಮತ್ತು ಒಂದು ಭಾನುವಾರ.

ತೇವ ಮಣ್ಣಿನಿಂದ ಬರುತ್ತಿದೆಯೋ ಒಳಗಿನ ಗಾಳಿಯಿಂದಲೋ ಎಂದು ಅರಿಯಲು ಸುಲಭವಾದ ಪರೀಕ್ಷೆಯೊಂದುಂಟು. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ಹರಡಿ ನಾಲ್ಕಂಚನ್ನೂ ಅಂಟುಪಟ್ಟಿಯಿಂದ ಮುಚ್ಚಿ ಒಂದೆರಡು ದಿನ ಬಿಡಬೇಕು. ಹಾಳೆಯ ಕೆಳಮುಖದಲ್ಲಿ ಹನಿಗಳಿದ್ದರೆ ನೀರು ಮಣ್ಣಿನಿಂದ ಬರುತ್ತಿದೆಯೆಂದೂ, ಮೇಲ್ಮುಖದಲ್ಲಿದ್ದರೆ ಗಾಳಿಯ ಆರ್ದ್ರತೆಯಿಂದ ಬಂದಿದೆಯೆಂದೂ ತಿಳಿಯಬಹುದು.

ಈ ಎರಡನೆಯ ಬಗೆಯ ತೇವದಲ್ಲಿಯೇ ಜನ ಮೋಸಹೋಗುವುದು ಹೆಚ್ಚು. ಮುಂಗಾರಿನಲ್ಲಿ ನಮ್ಮ ಕರಾವಳಿಯ ಮನೆಗಳ ನೆಲ ಬೆವರುವುದನ್ನು ಬಲ್ಲವರಿಗೆ ಇದು ಹೊಸತಲ್ಲ. ಟೊರಾಂಟೊದ ಜುಲೈ ತಿಂಗಳ ಮಧ್ಯಾಹ್ನ ೩೦ ಡಿಗ್ರಿ ಸೆಕೆಯೂ ನೂರಕ್ಕೆ ೬೦ರ ಆರ್ದ್ರತೆಯೂ ಇದ್ದರೆ, ಆ ಗಾಳಿ ೨೧ ಡಿಗ್ರಿಗೆ ತಣಿದೊಡನೆ ನೀರು ಬಿಡತೊಡಗುತ್ತದೆ. ನೆಲಮಾಳಿಗೆಯ ಗೋಡೆ ಅದಕ್ಕಿಂತಲೂ ತಣ್ಣಗಿರುತ್ತದೆ. ‘ಒಣಗಲಿ’ ಎಂದು ಆಗ ಕಿಟಕಿ ತೆರೆದಿಟ್ಟವರು ಗೋಡೆಗೆ ನೀರು ಎರಚಿದಂತೆಯೇ ಆಯಿತು! ಬೇಸಗೆಯ ಅಂಥ ದಿನಗಳಲ್ಲಿ ಕಿಟಕಿ ಮುಚ್ಚಿ, ಗಾಳಿಯ ತೇವವನ್ನು ಹಿಂಡಿ ತೆಗೆಯುವ ಡಿಹ್ಯುಮಿಡಿಫೈಯರ್ ಯಂತ್ರವನ್ನು ನಡೆಸಿ, ಆರ್ದ್ರತೆಯನ್ನು ನೂರಕ್ಕೆ ೫೦ರ ಸುತ್ತಮುತ್ತ ಇಟ್ಟುಕೊಳ್ಳುವುದು ಲೇಸು.

ಆಮೇಲೆ ಹೊದಿಸುವುದು

ನೀರು ನಿಂತ ಮೇಲೆ ಗಾಳಿಯ ಸರದಿ. ಜಂತೆಗಳ ತುದಿಯ ಗೂಡುಗಳೊಳಗೆ ಅಳತೆಗೆ ಕತ್ತರಿಸಿದ ಫೋಮ್ ಹಲಗೆಯ ತುಂಡುಗಳನ್ನು ಕೂರಿಸಿ ಅಂಚುಗಳನ್ನು ಸೀಲೆಂಟಿನಿಂದ ಮುಚ್ಚುವುದು ಖರ್ಚಿಗೆ ಹೋಲಿಸಿದರೆ ಅತ್ಯಂತ ಫಲಕಾರಿಯಾದ ಕೆಲಸ. ಕೈಯಲ್ಲೊಂದು ಊದುಬತ್ತಿ ಹಿಡಿದು ಗೋಡೆಯ ಸುತ್ತ ನಡೆದರೆ ಹೊಗೆ ಎಲ್ಲೆಲ್ಲಿ ತೂಗಾಡುತ್ತದೆಯೋ ಅಲ್ಲಲ್ಲಿ ಗಾಳಿಯ ಕಳ್ಳದಾರಿಯಿದೆಯೆಂದು ಗುರುತಿಸಬಹುದು. ಫರ್ನೇಸು ಮತ್ತು ಬಾಯ್ಲರುಗಳ ಹೊಗೆದಾರಿಗಳನ್ನೂ, ಅವುಗಳಿಗೆ ಗಾಳಿ ಒದಗಿಸುವ ಕೊಳವೆಗಳನ್ನೂ ಮಾತ್ರ ಯಾವ ಕಾರಣಕ್ಕೂ ಮುಚ್ಚಲಾಗದು.

ಬಳಿಕ ಗೋಡೆಗೆ ಕಂಬಳಿ. ಪಾಲಿಸ್ಟೈರೀನ್ ಫೋಮಿನ ಹಲಗೆಯೊಂದು ಅಂಗುಲ ದಪ್ಪವಿದ್ದರೆ ನಾಲ್ಕು ಅಡಿಗೂ ಮಿಕ್ಕ ಕಾಂಕ್ರೀಟಿನಷ್ಟು ಶಾಖವನ್ನು ತಡೆಯಬಲ್ಲುದು. ಎರಡಂಗುಲದ ಹಲಗೆಗಳನ್ನು ಗೋಡೆಗೆ ಒತ್ತಿ ಅಂಟಿಸಿ, ಸೇರುವೆಗಳಿಗೆ ಪಟ್ಟಿ ಹಾಕಿ, ಅದರ ಮುಂದೆ ಮರದ ಚೌಕಟ್ಟು ನಿಲ್ಲಿಸಿ, ಮೇಲೆ ಜಿಪ್ಸಮ್ ಹಲಗೆ ಹೊಡೆಯುವುದು ಇಂದು ಬಲ್ಲವರು ಹೇಳುವ ರೀತಿ. ಫೋಮು ಬೆಂಕಿಗೆ ಬೇಗ ಬಲಿಯಾಗುವ ವಸ್ತುವಾದುದರಿಂದ ಜಿಪ್ಸಮ್ಮಿನ ಮುಸುಕು ಅಲಂಕಾರವಲ್ಲ, ರಕ್ಷೆ. ಗಾಜಿನೆಳೆಯ ಹತ್ತಿಯನ್ನು ನೇರವಾಗಿ ಕಾಂಕ್ರೀಟಿಗೆ ತಾಗಿಸಿ ತುರುಕುವುದು ಹಳೆಯ ಪದ್ಧತಿ. ಒಳಗಿನ ಬೆಚ್ಚನೆಯ ಗಾಳಿ ಅದರೊಳಗೆ ನುಸುಳಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಹೊರಗೆ ಅಂದವಾದ ಹಲಗೆ, ಒಳಗೆ ಕೊಳೆತ ಹತ್ತಿ. ಗಾಯ ತೊಳೆಯದೆ ಪಟ್ಟಿ ಕಟ್ಟಿದಂಥ ಕೆಲಸವದು. ನೂರು ವರ್ಷದ ಹಿಂದಿನ ಕಲ್ಲುಗೋಡೆಗಳ ವಿಷಯದಲ್ಲಿ ಇನ್ನೂ ಎಚ್ಚರ ಅವಶ್ಯ. ಒಳಗಿನಿಂದ ಹೊದಿಸಿದರೆ ಗೋಡೆಗೆ ಮನೆಯ ಶಾಖ ತಪ್ಪಿ, ಅದರಲ್ಲಿನ ನೀರು ಹೆಪ್ಪುಗಟ್ಟಿ, ಕಲ್ಲಿನ ಸಂದುಗಳು ಸಡಿಲಾಗಬಹುದು. ಅಂಥ ಮನೆಗಳಿಗೆ ಹೊರಗಿನಿಂದ ಅಗೆದು ಹೊದಿಸುವುದೇ ಕ್ಷೇಮ; ಖರ್ಚು ಹೆಚ್ಚಾದರೂ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು.

ಅವಸರದ ಹೊದಿಕೆ ಎಂಥ ಪಾಡು ತರಬಲ್ಲುದೆಂಬುದಕ್ಕೆ ಕೆನಡಾದ ಅನುಭವವೇ ಸಾಕ್ಷಿ. ೧೯೭೩ರಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿದ ಬಳಿಕ ಅಲ್ಲಿನ ಸರ್ಕಾರ ಮನೆಗಳಿಗೆ ಉಷ್ಣರೋಧಕ ತುಂಬಿಸಿಕೊಳ್ಳಲು ಸಹಾಯಧನ ನೀಡಿತು. ಸಾವಿರಾರು ಜನ ಗೋಡೆಗಳೊಳಗೆ ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ನೊರೆಯನ್ನು ತುಂಬಿಸಿಕೊಂಡರು. ಅದರಿಂದ ಹೊರಡುವ ಅನಿಲದ ಭೀತಿಯಿಂದ ೧೯೮೦ರ ಡಿಸೆಂಬರಿನಲ್ಲಿ ಅದನ್ನು ನಿಷೇಧಿಸಬೇಕಾಯಿತು. ತುಂಬಿಸಿಕೊಂಡವರು ಮತ್ತೆ ಹಣ ತೆತ್ತು ಅದನ್ನು ಕೀಳಿಸಬೇಕಾದ ಪ್ರಸಂಗವೂ ಒದಗಿತು. ಹಳೆಯ ಮನೆಗಳ ಕೊಳವೆಗಳಿಗೆ ಸುತ್ತಿದ ಬಿಳಿಯ ಪಟ್ಟಿಯಲ್ಲಿ, ಒಂಬತ್ತಂಗುಲದ ನೆಲಹಾಸುಬಿಲ್ಲೆಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದಾದುದರಿಂದ ಪರೀಕ್ಷೆ ಮಾಡಿಸದೆ ಅವುಗಳನ್ನು ಕೆರೆಯಲೂಬಾರದು, ಒಡೆಯಲೂಬಾರದು.

ನೆಲಕ್ಕೆ ನೇರವಾಗಿ ಜಮಖಾನ ಹಾಸುವುದು ಬೂಷ್ಟಿಗೆ ಹಾಸಿಗೆ ಹಾಸಿದಂತೆ. ಗುಬಟುಗಳುಳ್ಳ ಪ್ಲಾಸ್ಟಿಕ್ ಹಾಳೆಯನ್ನೋ ತೆಳುವಾದ ಫೋಮ್ ಹಲಗೆಯನ್ನೋ ಮೊದಲು ಹಾಸಿ, ಅದರ ಮೇಲೆ ಪ್ಲೈವುಡ್ ಹಾಕಿ, ಬಳಿಕ ಬೇಕಾದ ನೆಲಹಾಸನ್ನು ಮಾಡಿಕೊಂಡರೆ ಅಂಗಾಲಿಗೂ ಕಾಂಕ್ರೀಟಿಗೂ ನಡುವೆ ಒಂದು ತಡೆ ಏರ್ಪಡುತ್ತದೆ. ಹಾಗೆ ಮಾಡುವಾಗ ಕೋಣೆಯ ಎತ್ತರ ಎರಡಂಗುಲ ತಗ್ಗುವುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಕೊನೆಗೆ ಕಾಯಿಸುವುದು

ಇಷ್ಟೆಲ್ಲ ಆದ ಮೇಲೆ ಬೆಂಕಿಗೆ ಉಳಿಯುವ ಕೆಲಸ ಸ್ವಲ್ಪವೇ. ಅಂಗಡಿಯ ಸಾಮಾನ್ಯ ಹೀಟರು ೧,೫೦೦ ವಾಟಿನದು; ರಾತ್ರಿ ಹತ್ತು ಗಂಟೆ ಉರಿದರೆ ೧೫ ಯೂನಿಟ್ ವಿದ್ಯುತ್ತನ್ನು ನುಂಗುತ್ತದೆ. ಹೊದಿಕೆಯಿಲ್ಲದ ಕೋಣೆಯಲ್ಲಿ ಅದನ್ನು ಉರಿಸುವುದು ತೂತುಕೊಡಕ್ಕೆ ನೀರು ಹೊಯ್ದಂತೆ. ಎಣ್ಣೆ ತುಂಬಿದ್ದು, ಪಿಂಗಾಣಿಯದು, ಹೊಸ ತಂತ್ರದ್ದು ಎಂದು ಜಾಹಿರಾತು ಏನೇ ಹೇಳಲಿ, ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖಕ್ಕಿಂತ ಹೆಚ್ಚನ್ನು ಯಾವ ಹೀಟರೂ ಕೊಡದು. ಹೊರಗಿನ ಗಾಳಿಯಿಂದಲೇ ಶಾಖ ಸೆಳೆದು ಒಳಗೆ ತರುವ ಹೀಟ್ ಪಂಪು ಮಾತ್ರ ಅಷ್ಟೇ ವಿದ್ಯುತ್ತಿಗೆ ಎರಡು ಮೂರರಷ್ಟು ಶಾಖ ನೀಡಬಲ್ಲುದು. ಮನೆಯಲ್ಲಿ ಫರ್ನೇಸಿದ್ದರೆ ಅದರ ಗಾಳಿಕೊಳವೆಗೆ ನೆಲಮಾಳಿಗೆಯಲ್ಲಿ ಇನ್ನೊಂದು ಬಾಯಿ ತೆರೆಸಿ, ತಣ್ಣನೆಯ ಗಾಳಿಯನ್ನು ಹಿಂದಕ್ಕೆಳೆಯುವ ಬಾಯಿಯನ್ನು ನೆಲದ ಮಟ್ಟದಲ್ಲಿ ಇಡಿಸುವುದು ಇನ್ನೊಂದು ಉಪಾಯ.

ಬಾಡಿಗೆಗಿರುವ ವಿದ್ಯಾರ್ಥಿ ಗೋಡೆ ಒಡೆಯಲಾರ, ಫೋಮು ಹೊಡೆಯಲಾರ. ಆದರೂ ಅವನು ಮಾಡಬಹುದಾದುದು ಇಲ್ಲದಿಲ್ಲ. ಉಷ್ಣಮಾಪಕ ೨೦ ಡಿಗ್ರಿ ತೋರಿಸುತ್ತಿದ್ದರೂ ಮೈ ನಡುಗಲು ಕಾರಣ, ಮೈಯ ಶಾಖ ನೇರವಾಗಿ ತಣ್ಣನೆಯ ಗೋಡೆಗೆ ಪ್ರಸರಿಸುವುದು. ಆದುದರಿಂದ ಹೊರಗೋಡೆಗೆ ತಾಗಿದ ಹಾಸಿಗೆಯನ್ನು ಒಳಗೋಡೆಯ ಕಡೆಗೆ ಸರಿಸುವುದು, ನೆಲದ ಮೇಲೆ ಹಾಸಿ ಮಲಗುವ ಊರಿನ ಅಭ್ಯಾಸವನ್ನು ಬಿಟ್ಟು ಮಂಚವನ್ನೇರುವುದು, ಕಿಟಕಿಗೆ ದಪ್ಪ ಪರದೆ ಬಿಡುವುದು, ಒದ್ದೆ ಬಟ್ಟೆಗಳನ್ನು ಕೋಣೆಯೊಳಗೆ ಹರವದಿರುವುದು ಇವಿಷ್ಟರಿಂದಲೇ ಗಣನೀಯವಾದ ಹಿತ ದೊರೆಯುತ್ತದೆ.

ಬೆಚ್ಚಗಿದ್ದರೆ ಸಾಲದು

ಹಗೇವಿನ ಬಾಯಿ ತೆರೆದೊಡನೆ ಒಳಗಿಳಿಯಬಾರದು, ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು ಎಂಬುದು ನಮ್ಮ ರೈತರ ತಿಳಿವಳಿಕೆ. ನೆಲದಡಿಯ ಯಾವ ಕೋಣೆಗೂ ಆ ವಿವೇಕ ಅನ್ವಯಿಸುತ್ತದೆ. ಚಳಿಗಾಗಿ ಸಂದುಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯನ್ನೋ ಕ್ಯಾಂಪಿನ ಅನಿಲದ ಒಲೆಯನ್ನೋ ಇಟ್ಟು ಮಲಗುವುದು ಮೃತ್ಯುವನ್ನು ಕರೆದು ಮಗ್ಗುಲಲ್ಲಿ ಮಲಗಿಸಿಕೊಂಡಂತೆ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಅದರ ಇರವನ್ನು ಕೂಗಿ ಹೇಳುವ ಗಂಟೆಯೊಂದು ಮಲಗುವ ಕೋಣೆಯ ಬಳಿ ಇರಲೇಬೇಕು.

ಇನ್ನೊಂದು ಅದೃಶ್ಯ ಶತ್ರು ಮಣ್ಣಿನಿಂದಲೇ ಏಳುವ ರೇಡಾನ್ ಎಂಬ ವಿಕಿರಣಶೀಲ ಅನಿಲ. ೧೯೮೪ರ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಲಿಮರಿಕ್ ಅಣುವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರೊಬ್ಬರು ಹಾದುಹೋದಾಗ ವಿಕಿರಣ ಸೂಚಕದ ಗಂಟೆ ಬಾರಿಸತೊಡಗಿತು. ಸ್ಥಾವರವಾದರೋ ಆಗಿನ್ನೂ ಕೆಲಸ ಆರಂಭಿಸಿರಲೇ ಇಲ್ಲ! ವಿಚಾರಿಸಿ ನೋಡಿದಾಗ ವಿಕಿರಣ ಅವರ ಮನೆಯಿಂದಲೇ ಮೈಗಂಟಿ ಬಂದುದೆಂದು ತಿಳಿಯಿತು. ಆ ಮನೆಯಲ್ಲಿದ್ದ ರೇಡಾನ್, ಮುಂದೆ ಅಮೆರಿಕದ ಸರ್ಕಾರ ಎಚ್ಚರಿಕೆಗಾಗಿ ಗೊತ್ತುಮಾಡಿದ ಮಟ್ಟಕ್ಕಿಂತ ಆರುನೂರು ಪಟ್ಟಿಗೂ ಹೆಚ್ಚು. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ಅನಂತರದ ಪ್ರಮುಖ ಕಾರಣ ಈ ಅನಿಲ. ಕೆನಡಾದ ಆರೋಗ್ಯ ಇಲಾಖೆ ಘನಮೀಟರಿಗೆ ೨೦೦ ಬೆಕೆರೆಲ್ ಮೀರಿದರೆ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಚಳಿಗಾಲದಲ್ಲಿ ಮೂರು ತಿಂಗಳು ಒಂದು ಪುಟ್ಟ ಮಾಪಕವನ್ನು ಇಟ್ಟು ನೋಡಿದರೆ ಪ್ರಮಾಣ ತಿಳಿಯುತ್ತದೆ. ಹೆಚ್ಚಿದ್ದರೆ ನೆಲದಡಿಯಿಂದ ಕೊಳವೆಯೊಂದನ್ನು ಹೊರಕ್ಕೆ ಒಯ್ದು ಫ್ಯಾನಿನಿಂದ ಅನಿಲವನ್ನು ಸೆಳೆದುಬಿಡಬಹುದು. ನೆಲಹಾಸು ಹಾಕುವುದಕ್ಕೆ ಮೊದಲೇ ಈ ಪರೀಕ್ಷೆ ಆಗಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕಡೆಯದು ಬಾಗಿಲಿನ ಮಾತು. ೨೦೨೧ರ ಸೆಪ್ಟೆಂಬರ್ ೧ರ ರಾತ್ರಿ ಐಡಾ ಚಂಡಮಾರುತದ ಮಳೆ ನ್ಯೂಯಾರ್ಕ್ ನಗರದ ಮೇಲೆ ಸುರಿದಾಗ, ನೆಲಮಾಳಿಗೆಗಳಲ್ಲಿ ಬಾಡಿಗೆಗಿದ್ದ ಹನ್ನೊಂದು ಮಂದಿ ಮುಳುಗಿ ಸತ್ತರು. ಟೊರಾಂಟೊದಲ್ಲಿ ೨೦೧೩ರ ಜುಲೈ ೮ರಂದು ವಿಮಾನ ನಿಲ್ದಾಣದ ಬಳಿ ೧೨೬ ಮಿಲಿಮೀಟರ್ ಮಳೆಯಾಗಿ ಅಸಂಖ್ಯ ನೆಲಮಾಳಿಗೆಗಳು ಚರಂಡಿಯ ನೀರಿನಿಂದ ತುಂಬಿದುವು. ೨೦೨೪ರ ಜುಲೈ ೧೬ರಂದು ಅದೇ ಅವಾಂತರ ಮರುಕಳಿಸಿತು. ಚರಂಡಿಯ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ಕವಾಟ, ತುಂಬಿದ ನೀರನ್ನು ಎತ್ತಿ ಹೊರಹಾಕುವ ಸಂಪಿನ ಪಂಪು ಇವು ಅಲ್ಲಿ ಭೋಗವಸ್ತುಗಳಲ್ಲ. ನೀರು ಬರಲಿ, ಬೆಂಕಿ ಬೀಳಲಿ, ಮಲಗಿದವರು ಹೊರಬರಲು ಮೆಟ್ಟಿಲಲ್ಲದೆ ಇನ್ನೊಂದು ದಾರಿ ಬೇಕು. ಕಿಟಕಿಯೇ ಆ ದಾರಿಯಾಗುವುದಾದರೆ ಅದರ ತೆರಪು ೦.೩೫ ಚದರ ಮೀಟರಿಗೆ ಕಡಮೆಯಿರಕೂಡದು, ಯಾವ ಕಡೆಯ ಅಳತೆಯೂ ೩೮೦ ಮಿಲಿಮೀಟರಿಗೆ ಕಿರಿದಾಗಕೂಡದು ಎಂದು ಕೆನಡಾದ ರಾಷ್ಟ್ರೀಯ ಕಟ್ಟಡ ಸಂಹಿತೆ ವಿಧಿಸಿದೆ. ಚಳಿಗೆ ಹೆದರಿ ಅಂಥ ಕಿಟಕಿಗೆ ಹಲಗೆ ಹೊಡೆಯುವವರು ಇದನ್ನು ಮರೆಯಬಾರದು.

ಒಣಗಿಸುವುದು, ಸಂದು ಮುಚ್ಚುವುದು, ಹೊದಿಸುವುದು, ಆಮೇಲೆ ಕಾಯಿಸುವುದು. ಗಾಳಿಗೂ ಬಾಗಿಲಿಗೂ ಮೊದಲಿನಿಂದ ಕೊನೆಯವರೆಗೆ ಲಕ್ಷ್ಯ ಕೊಡುವುದು. ನೆಲದಡಿಯ ಮನೆಯ ಶಾಸ್ತ್ರವೆಲ್ಲ ಇಷ್ಟರಲ್ಲಿ ಅಡಗಿದೆ. ಇಷ್ಟನ್ನೂ ಮಾಡಿ ಮುಗಿಸಿದ ಮೇಲೆ ಫಲ ದೊರೆಯಿತೋ ಇಲ್ಲವೋ ಎಂದು ಅರಿಯಲು ಯಂತ್ರವೂ ಬೇಡ, ತಜ್ಞನೂ ಬೇಡ. ಹೆತ್ತವರನ್ನು ಕೇಳಿಯೂ ಪ್ರಯೋಜನವಿಲ್ಲ. ಅವರ ಉತ್ತರ ಹೇಗಿದ್ದರೂ ‘ಚೆನ್ನಾಗಿದೆ’ ಎಂದೇ. ಅವರು ವಿಮಾನವಿಳಿಯುವ ಮುನ್ನ ಮಗನೋ ಮಗಳೋ ಅಳಿಯನೋ ಸೊಸೆಯೋ ಒಂದು ರಾತ್ರಿ ಆ ಕೋಣೆಯಲ್ಲಿ ತಾವೇ ಮಲಗಿ ನೋಡಲಿ. ಬೆಳಿಗ್ಗೆ ಎದ್ದು ಬರಿಗಾಲನ್ನು ನೆಲಕ್ಕೆ ಇಟ್ಟಾಗ ತಿಳಿಯುವುದು ಯಾವ ಮಾಪಕಕ್ಕೂ ತಿಳಿಯದು.